ಗೋಧಿ ಬಿಯರ್‌ನಲ್ಲಿ ಗೋಧಿ ಎಲ್ಲಿದೆ?

ಗೋಧಿ ಬಿಯರ್ ಮೊದಲ ಸಲ ಕುಡಿದವರ ಬಾಯಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ. 'ಬಾಳೆಹಣ್ಣಿನ ವಾಸನೆ ಬರ್ತಿದೆ ಅಲ್ವಾ?' ಎರಡನೆಯ ಗುಟುಕಿಗೆ ಲವಂಗ ಅನ್ನುತ್ತಾರೆ. ಬೆಲ್ಜಿಯಂ ಶೈಲಿಯದ್ದಾದರೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ. ಸ್ವಲ್ಪ ತಿಳಿದವರು ಪಕ್ಕದಲ್ಲಿದ್ದರೆ ತೀರ್ಪು ಕೊಟ್ಟೇ ಬಿಡುತ್ತಾರೆ. 'ಗೋಧಿ ಹಾಕಿರ್ತಾರಲ್ಲ, ಅದಕ್ಕೇ ಹಾಗೆ.'

ಇಲ್ಲೇ ನನ್ನ ತಕರಾರು. ನಾವು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಮಂದಿ. ದಿನದ ಊಟಕ್ಕೆ ಜೋಳದ ರೊಟ್ಟಿ ನಿಜ. ಆದರೆ ಹಬ್ಬ ಬಂತೆಂದರೆ ಗೋಧಿಯೇ ಆಗಬೇಕು. ಹುಗ್ಗಿ, ಮಾದಲಿ, ಶಾವಿಗೆ, ಹೋಳಿಗೆಯ ಕಣಕ, ಬೆಳಗಾವಿಯ ಮಂಡಿಗೆ. ಹುರಿದು, ಕುಟ್ಟಿ, ಬೀಸಿ, ಬೇಯಿಸಿ, ಗೋಧಿಯನ್ನು ತಿನ್ನಬಹುದಾದ ಎಲ್ಲ ರೀತಿಯಲ್ಲೂ ತಿಂದವರು ನಾವು. ಇಷ್ಟರಲ್ಲಿ ಯಾವತ್ತಾದರೂ ಬಾಳೆಹಣ್ಣು ಮೂಗಿಗೆ ಬಡಿದಿದೆಯಾ? ಲವಂಗ ಹಾಕದೆ ಲವಂಗದ ವಾಸನೆ ಬಂದಿದೆಯಾ? ಹಾಗಾದರೆ ಗ್ಲಾಸಿಗೆ ಇಳಿದ ಕೂಡಲೇ ಗೋಧಿಗೆ ಈ ಹೊಸ ಗುಣ ಎಲ್ಲಿಂದ ಬಂತು?

ಎಲ್ಲಿಂದಲೂ ಬಂದಿಲ್ಲ. ಬಾಳೆ, ಲವಂಗ ಎರಡೂ ಹುದುಗು ಬರಿಸುವ ಸೂಕ್ಷ್ಮಜೀವಿ ಯೀಸ್ಟ್ ಮಾಡುವ ಕೆಲಸ. ಜರ್ಮನಿಯ ಬವೇರಿಯಾ ಪ್ರಾಂತ್ಯದ ಗೋಧಿ ಬಿಯರಿಗೆ ಬಳಸುವ ಯೀಸ್ಟಿನ ತಳಿಯೇ ಬೇರೆ. ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುವಾಗ ಅದು ಐಸೊಅಮೈಲ್ ಅಸಿಟೇಟ್ ಎಂಬ ಘಮದ ರಾಸಾಯನಿಕವನ್ನೂ ಧಾರಾಳವಾಗಿ ಬಿಡುತ್ತದೆ. ಮಾಗಿದ ಬಾಳೆಹಣ್ಣಿನ ಘಮಕ್ಕೆ ಮುಖ್ಯ ಕಾರಣ ಇದೇ ವಸ್ತು. ಹುದುಗು ಬರುವಾಗ ಬಿಸಿ ಜಾಸ್ತಿಯಾದಷ್ಟೂ ಬಾಳೆ ಜಾಸ್ತಿ. ಹಾಗಾಗಿ ಬ್ರೂವರುಗಳು, ಅಂದರೆ ಬಿಯರ್ ತಯಾರಿಸುವವರು, ಸಾಮಾನ್ಯವಾಗಿ 18ರಿಂದ 22 ಡಿಗ್ರಿಯೊಳಗೆ ಅದನ್ನು ಹಿಡಿದಿಡುತ್ತಾರೆ. ಬೆಳಗಾವಿಯ ಮಳೆಗಾಲದಲ್ಲಿ ಈ ಹವೆ ಸುಮ್ನೆ ಸಿಗುತ್ತದೆ. ವಿಜಯಪುರದ ಏಪ್ರಿಲ್ ತಿಂಗಳಲ್ಲಿ, 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಅದೇ ಯೀಸ್ಟನ್ನು ಬಿಟ್ಟರೆ ಬರುವ ವಾಸನೆ ಉಗುರಿನ ಬಣ್ಣ ಅಳಿಸುವ ದ್ರಾವಣದ್ದು.

ಲವಂಗದ ದಾರಿ ಇನ್ನೊಂದು. ಧಾನ್ಯದ ಜೀವಕೋಶಗಳ ಗೋಡೆಯಲ್ಲಿ ಫೆರುಲಿಕ್ ಆಮ್ಲ ಎಂಬುದು ಅಂಟಿಕೊಂಡಿರುತ್ತದೆ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು. ಅದನ್ನು ಕುಟ್ಟಿ ನೀರಿಗೆ ಹಾಕಿ 43–45 ಡಿಗ್ರಿಯ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಈ ಆಮ್ಲ ಬಿಡಿಸಿಕೊಂಡು ನೀರಿಗೆ ಬರುತ್ತದೆ. ಆಮೇಲೆ ಈ ಯೀಸ್ಟ್ ಅದನ್ನು 4-ವಿನೈಲ್ ಗ್ವಾಯಕಾಲ್ ಆಗಿ ಬದಲಿಸುತ್ತದೆ. ನಮ್ಮ ಮೂಗಿಗೆ ಅದು ಲವಂಗ. ನಮ್ಮಲ್ಲಿ ಎಲ್ಲೆಡೆ ಸಿಗುವ ತಿಳಿ ಬಿಯರ್, ಅಂದರೆ ಲಾಗರ್, ಮಾಡುವ ಸಾಮಾನ್ಯ ಯೀಸ್ಟಿಗೆ ಈ ವಿದ್ಯೆ ಗೊತ್ತಿಲ್ಲ. ಲಾಗರಿನಲ್ಲಿ ಲವಂಗದ ವಾಸನೆ ಬಂದರೆ ಏನೋ ಕೆಟ್ಟಿದೆ ಅಂತಲೇ ಲೆಕ್ಕ. ಇನ್ನೊಂದು ವಿಷಯ. ಫೆರುಲಿಕ್ ಆಮ್ಲ ಗೋಧಿಯ ಸ್ವಂತ ಆಸ್ತಿಯೇನಲ್ಲ, ಬಾರ್ಲಿಯಲ್ಲೂ ಅದು ಇದೆ. ಬರೀ ಬಾರ್ಲಿಯ ರಸಕ್ಕೆ ಬವೇರಿಯಾದ ಯೀಸ್ಟ್ ಹಾಕಿದರೂ ಬಾಳೆ, ಲವಂಗ ಎರಡೂ ಬರುತ್ತವೆ.

ಉಲ್ಟಾ ಸಾಕ್ಷಿಯೂ ಇದೆ. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ವಿಡ್ಮರ್ ಸಹೋದರರು 1986ರಲ್ಲಿ ಒಂದು ಹೆಫೆವೈಝನ್, ಅಂದರೆ ಯೀಸ್ಟ್ ಸೋಸದ ಗೋಧಿ ಬಿಯರ್, ತಂದರು. ಹೆಸರು ಜರ್ಮನಿಯದು, ಗೋಧಿ ಧಾರಾಳ, ಸೋಸದೆ ಮಬ್ಬಾಗಿಯೇ ಕೊಟ್ಟರು. ಆದರೆ ಯೀಸ್ಟ್ ಮಾತ್ರ ಸ್ವಚ್ಛವಾಗಿ ಹುದುಗುವ ಬೇರೆ ತಳಿ. ಬಾಳೆಯೂ ಇಲ್ಲ, ಲವಂಗವೂ ಇಲ್ಲ. ಜರ್ಮನ್ ಬಿಯರ್ ಕುಡಿದು ಪಳಗಿದವರು ಮೂಗು ಮುರಿದರು. ನನಗೇನೋ ಗೋಧಿಯ ಮಟ್ಟಿಗೆ ಪ್ರಾಮಾಣಿಕವಾದ ಬಿಯರ್ ಅಂದರೆ ಈ ಅಮೆರಿಕನ್ ಜಾತಿಯದ್ದೇ ಅನಿಸುತ್ತದೆ. ಅಲ್ಲಿ ಗೋಧಿಗೆ ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲ. ಹಸಿ ಕಣಕದ ವಾಸನೆ, ಹೊಸ ಬ್ರೆಡ್ಡಿನ ಒಳಗಿನ ಬಿಳಿ ಭಾಗದ ರುಚಿ, ಕೊನೆಗೆ ಒಂದು ಚೂರು ಹುಳಿ. ಅಷ್ಟೇ. ಮೊದಲ ಸಲಕ್ಕೆ 'ಇದರಲ್ಲೇನಿದೆ' ಅನಿಸುವಷ್ಟು ಮೆತ್ತಗೆ.

ಹಾಗಾದರೆ ಗೋಧಿ ಹಾಕುವುದು ಯಾಕೆ? ರುಚಿಗಿಂತ ಮುಟ್ಟಿದರೆ ತಿಳಿಯುವ ಕಾರಣಗಳೇ ಜಾಸ್ತಿ. ಗೋಧಿಯಲ್ಲಿ ಪ್ರೋಟೀನ್ ಹೆಚ್ಚು. ಅದು ನೊರೆಯನ್ನು ಹಿಡಿದು ನಿಲ್ಲಿಸುತ್ತದೆ. ಒಳ್ಳೆಯ ಗೋಧಿ ಬಿಯರಿನ ನೊರೆ ಗ್ಲಾಸಿನ ಅಂಚು ದಾಟಿ ಮೇಲೆ ನಿಂತರೂ ಇಳಿಯಲು ಅವಸರ ಮಾಡುವುದಿಲ್ಲ. ಎರಡನೆಯದು ಮೈ. ಬಾಯಲ್ಲಿ ಬಿಯರ್ ನೀರಾಗಿ ಓಡುವುದಿಲ್ಲ, ನಾಲಿಗೆಯ ಮೇಲೆ ಸ್ವಲ್ಪ ಕೂತು ಹೋಗುತ್ತದೆ. ಮೂರನೆಯದು ಮಬ್ಬು. ಪ್ರೋಟೀನು, ಸಿಪ್ಪೆಯಿಂದ ಬರುವ ಪಾಲಿಫೀನಾಲು, ಕೆಲವು ಶೈಲಿಗಳಲ್ಲಿ ಉಳಿದ ಪಿಷ್ಟ, ಜೊತೆಗೆ ತೇಲುವ ಯೀಸ್ಟ್, ಎಲ್ಲ ಸೇರಿ ಬೆಳಕನ್ನು ಚೆದುರಿಸುತ್ತವೆ. ನೊರೆ, ಮೈ, ಮಬ್ಬು. ಗೋಧಿ ಕೊಡುವುದು ಈ ಮೂರನ್ನೇ. ಹೊಗಳಿಕೆ ಮಾತ್ರ ಬಾಳೆಹಣ್ಣಿಗೆ.

ಮಬ್ಬಿನ ಬಗ್ಗೆ ಒಂದು ತಮಾಷೆ ಹೇಳಬೇಕು. ಬೆಳಗಾವಿ ಕ್ಯಾಂಪ್ ಕಡೆಯ ಒಂದು ಬಾರಿನಲ್ಲಿ ಗೆಳೆಯರ ಜೊತೆ ಕೂತಿದ್ದೆ. ಬೆಲ್ಜಿಯಂ ಶೈಲಿಯ ಬಾಟಲಿ ಬಂತು. ಹುಡುಗ ಅದನ್ನು ದೀಪಕ್ಕೆ ಹಿಡಿದು ನೋಡಿದ. ಮುಖ ಸಣ್ಣದಾಯಿತು. 'ಸರ್, ತಳದಾಗ ಗಸಿ ಕುಂತೈತ್ರಿ. ಬ್ಯಾರೆ ಬಾಟ್ಲಿ ತರ್ತೀನಿ' ಅಂದ. ಬೇಡಪ್ಪ, ಅದು ಹಾಗೇ ಇರಬೇಕು ಅಂದರೂ ಅವನಿಗೆ ಸಮಾಧಾನ ಆಗಲಿಲ್ಲ. ಗಿರಾಕಿ ಸುಮ್ಮನಿದ್ದರೂ ಮಾಲೀಕ ಬೈಯುತ್ತಾನಲ್ಲ. ಅವನ ತಪ್ಪೇನೂ ಇಲ್ಲ. ನಮ್ಮಲ್ಲಿ ಬಿಯರ್ ಅಂದರೆ ತಿಳಿಯಾದ ಹಳದಿ ಲಾಗರ್. ಆ ಲೆಕ್ಕದಲ್ಲಿ ಗಸಿ ಅಂದರೆ ಕೆಟ್ಟ ಮಾಲು. ಬವೇರಿಯಾದಲ್ಲಿ ಅದೇ ಗಸಿಗಾಗಿ ಬಾಟಲಿಯ ಕೊನೆಯ ಎರಡು ಬೆರಳು ಬಿಯರನ್ನು ಉಳಿಸಿ, ಅಲ್ಲಾಡಿಸಿ, ಗ್ಲಾಸಿನ ಮೇಲೆ ಸುರಿಯುತ್ತಾರೆ.

ಇನ್ನು ಒಲೆಯ ಮೇಲಿನ ಕಷ್ಟ. ಗೋಧಿ ಹುಗ್ಗಿ ಕುದಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಟ್ಟಿ ಸಿಪ್ಪೆ ತೆಗೆದ ಗೋಧಿ ಬೆಂದು ಒಡೆದ ಮೇಲೆ ಹುಟ್ಟು ಹಾಕಿದರೆ ಹುಟ್ಟೇ ನಿಂತುಬಿಡುತ್ತದೆ. ಬ್ರೂವರಿನ ಹಂಡೆಯೊಳಗೂ ನಡೆಯುವುದು ಅದೇ. ಬಾರ್ಲಿಯ ಕಾಳಿಗೆ ಮೈಗೆ ಅಂಟಿದ ಹೊಟ್ಟು ಇರುತ್ತದೆ, ಒಕ್ಕಿದರೂ ಬಿಡುವುದಿಲ್ಲ. ಬಿಸಿನೀರಿನಲ್ಲಿ ಮಾಲ್ಟ್ ನೆನೆದು ಸಕ್ಕರೆಯ ರಸ ಬಿಟ್ಟ ಮೇಲೆ ಆ ಹೊಟ್ಟೇ ತಳದಲ್ಲಿ ಕೂತು ಸೋಸುವ ಹಾಸಿಗೆಯಾಗುತ್ತದೆ. ರಸ ಅದರ ನಡುವಿನಿಂದ ತಿಳಿಯಾಗಿ ಇಳಿಯುತ್ತದೆ. ಈಗಿನ ಗೋಧಿಗೆ ಹೊಟ್ಟು ಒಕ್ಕಣೆಯಲ್ಲೇ ಹಾರಿಹೋಗಿರುತ್ತದೆ. ಮೇಲಿಂದ ಅಂಟು ಬೇರೆ. ಹಂಡೆಯಲ್ಲಿ ಬರೀ ಗೋಧಿ ಇದ್ದರೆ ನಲ್ಲಿ ತಿರುಗಿಸಿದಾಗ ಎರಡು ಹನಿ ಬಿದ್ದು ನಿಲ್ಲುತ್ತದೆ.

ಹೀಗಾಗಿ ಗೋಧಿ ಬಿಯರ್ ಅಂದರೂ ಅದು ಬಾರ್ಲಿಯ ಹೆಗಲ ಮೇಲೆ ಕೂತ ಗೋಧಿ. ಜರ್ಮನಿಯಲ್ಲಿ ಆ ಹೆಸರು ಹಾಕಬೇಕಾದರೆ ಮಾಲ್ಟಿನಲ್ಲಿ ಕನಿಷ್ಠ ಶೇಕಡಾ 50 ಗೋಧಿ ಇರಬೇಕು. ಹೆಚ್ಚಿನವರು 50ರಿಂದ 70ರೊಳಗೆ ನಿಲ್ಲುತ್ತಾರೆ. ಅದನ್ನೂ ದಾಟುವವರು ಭತ್ತದ ಹೊಟ್ಟನ್ನು ತೊಳೆದು ಬೆರೆಸುತ್ತಾರೆ. ಭತ್ತದ ಹೊಟ್ಟಿಗೆ ರುಚಿ ಇಲ್ಲ, ಸೋಸುವ ಕೆಲಸ ಮಾತ್ರ ಮಾಡುತ್ತದೆ. ಬೆಲ್ಜಿಯಂನವರ ದಾರಿ ಇನ್ನೂ ಮೊಂಡು. ಅವರು ಗೋಧಿಯನ್ನು ಮೊಳಕೆಯನ್ನೇ ಕಟ್ಟಿಸದೆ ಹಸಿಯಾಗಿ, ಸುಮಾರು ಅರ್ಧದಷ್ಟು ಹಾಕುತ್ತಾರೆ. ಹಸಿ ಗೋಧಿಗೆ ತನ್ನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುವಷ್ಟು ಕಿಣ್ವ ಇರುವುದಿಲ್ಲ. ಆ ಕೆಲಸವೂ ಬಾರ್ಲಿ ಮಾಲ್ಟಿನ ಪಾಲಿಗೇ. ಅದೃಷ್ಟಕ್ಕೆ ಗೋಧಿಯ ಪಿಷ್ಟ ಕಡಿಮೆ ಬಿಸಿಗೇ ಮೆತ್ತಗಾಗುತ್ತದೆ. ನಮ್ಮ ದೊಡ್ಡ ಕಂಪನಿಗಳು ಲಾಗರಿಗೆ ಹಾಕುವ ಅಕ್ಕಿಯನ್ನಾದರೆ ಮೊದಲು ಬೇಯಿಸಿಕೊಳ್ಳಬೇಕು, ಇಲ್ಲವೇ ಅವಲಕ್ಕಿಯಂತೆ ಒತ್ತಿದ್ದನ್ನು ತರಬೇಕು.

ಮಾಲ್ಟ್ ಮಾಡುವುದು ಅಂದರೆ ಏನು ಅನ್ನುವುದಕ್ಕೆ ನಮ್ಮ ಕಡೆಯವರಿಗೆ ನವರಾತ್ರಿ ಸಾಕು. ಘಟ್ಟ ಹಾಕಿದ ದಿನ ಮಣ್ಣಿನಲ್ಲಿ ಗೋಧಿ, ಜೋಳ ಚೆಲ್ಲಿ ದೇವರ ಮುಂದೆ ಇಡುತ್ತೇವೆ. ಎರಡು ಮೂರು ದಿನಕ್ಕೆ ಬಿಳಿ ಬೇರು ಇಣುಕುತ್ತದೆ. ಹಬ್ಬ ಮುಗಿಯುವಷ್ಟರಲ್ಲಿ ಕತ್ತಲೆ ಮೂಲೆಯಲ್ಲಿ ಬೆಳೆದ ತಿಳಿ ಹಳದಿ ಸಸಿಗಳು ಗೇಣುದ್ದ. ಮಾಲ್ಟ್ ಮಾಡುವವರಿಗೆ ಅಷ್ಟು ಬೇಡ. ಕಾಳನ್ನು ನೆನೆಸಿ, ನಾಲ್ಕೈದು ದಿನ ಮೊಳೆಯಲು ಬಿಟ್ಟು, ಸಸಿ ಹೊರಗೆ ತಲೆ ಹಾಕುವ ಮುಂಚೆಯೇ ಬಿಸಿಗಾಳಿಯಲ್ಲಿ ಒಣಗಿಸಿಬಿಡುತ್ತಾರೆ. ಕಾಳು ತನ್ನ ಪಿಷ್ಟವನ್ನು ಬಿಡಿಸಿಕೊಳ್ಳಲು ಕಿಣ್ವ ತಯಾರು ಮಾಡಿಕೊಂಡಿರುತ್ತದೆ, ಆದರೆ ಖರ್ಚು ಮಾಡಿರುವುದಿಲ್ಲ. ಆ ಗಳಿಗೆಯಲ್ಲಿ ಕೈಹಾಕುವುದೇ ಕಸುಬು. ಗೋಧಿಗೆ ಇಲ್ಲೂ ಹೊಟ್ಟಿಲ್ಲದ ಫಜೀತಿ. ಬಾರ್ಲಿಯಲ್ಲಿ ಮೊಳಕೆ ಹೊಟ್ಟಿನ ಕೆಳಗೆ ಸುರಕ್ಷಿತ. ಗೋಧಿಯಲ್ಲಿ ಅದು ಬಯಲಿನಲ್ಲಿ, ಕಾಳು ಹೊರಳಿಸುವಾಗ ಮುರಿಯುತ್ತದೆ. ಕಾಳುಗಳು ಒತ್ತೊತ್ತಾಗಿ ಕೂತು ಗಾಳಿಯೂ ಆಡುವುದಿಲ್ಲ.

ಇಷ್ಟು ಕಾಟ ಕೊಡುವ ಧಾನ್ಯವನ್ನು ಯಾಕೆ ಬಿಡಲಿಲ್ಲ ಅನ್ನುವುದಕ್ಕಿಂತ, ಬಿಡಿಸಲು ಹೋದವರ ಕಥೆ ಸ್ವಾರಸ್ಯವಾಗಿದೆ. 1516ರ ಏಪ್ರಿಲ್ 23ರಂದು ಇಂಗೊಲ್‌ಸ್ಟಾಟ್‌ನಲ್ಲಿ ಬವೇರಿಯಾದ ಡ್ಯೂಕರಾದ ನಾಲ್ಕನೆಯ ವಿಲ್ಹೆಲ್ಮ್ ಮತ್ತು ಹತ್ತನೆಯ ಲುಡ್‌ವಿಗ್ ಒಂದು ಆದೇಶ ಹೊರಡಿಸಿದರು. ಬಿಯರಿಗೆ ಬಾರ್ಲಿ, ಕಹಿ ಕೊಡುವ ಹಾಪ್ಸ್ ಹೂ, ನೀರು ಬಿಟ್ಟು ಬೇರೇನೂ ಹಾಕಬಾರದು. ಇವತ್ತು ಅದನ್ನು ಶುದ್ಧತೆಯ ಕಾನೂನು ಅಂತ ಲೇಬಲ್ ಮೇಲೆ ಮೆರೆಸುತ್ತಾರೆ. ಆದೇಶದ ಬಹುಪಾಲು ಇರುವುದು ಬಿಯರಿನ ಬೆಲೆಯ ಬಗ್ಗೆ. ಗೋಧಿಯನ್ನು ಹೊರಗಿಟ್ಟದ್ದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಬ್ರೆಡ್ಡು. ಬ್ರೂವರುಗಳೂ ಬೇಕರಿಯವರೂ ಒಂದೇ ಗೋಧಿಗೆ ಹರಾಜು ಕೂಗಿದರೆ ಬಡವರ ರೊಟ್ಟಿ ದುಬಾರಿಯಾಗುತ್ತದೆ.

ಕಾನೂನು ಎಲ್ಲರಿಗೂ ಒಂದೇ ಇತ್ತಾ? ಇಲ್ಲವೇ ಇಲ್ಲ. ಡೇಗೆನ್‌ಬರ್ಗ್ ಅನ್ನುವ ಜಮೀನ್ದಾರಿ ಮನೆತನಕ್ಕೆ ಗೋಧಿ ಬಿಯರ್ ಮಾಡುವ ವಿಶೇಷ ಹಕ್ಕು ಸಿಕ್ಕಿತ್ತು. 1602ರಲ್ಲಿ ಆ ಮನೆತನದ ಕೊನೆಯವನು ವಾರಸುದಾರರಿಲ್ಲದೆ ತೀರಿಕೊಂಡ. ಡ್ಯೂಕ್ ಒಂದನೆಯ ಮ್ಯಾಕ್ಸಿಮಿಲಿಯನ್ ಹಕ್ಕನ್ನು ತಾನೇ ಎಳೆದುಕೊಂಡ. ಮ್ಯೂನಿಕ್ಕಿನಲ್ಲಿ ಗೋಧಿ ಬಿಯರಿಗೇ ಬೇರೆ ಮನೆ ಕಟ್ಟಿಸಿದ. ಪ್ರಜೆಗಳು ಮಾಡಬಾರದು ಅಂದಿದ್ದ ಗೋಧಿ ಬಿಯರ್ ಖಜಾನೆಗೆ ಚೆನ್ನಾಗಿಯೇ ಹೊಂದಿತು. ಮುಂದೆ ಜನರ ರುಚಿ ಬದಲಾಗಿ ಈ ವ್ಯಾಪಾರ ಸೊರಗಿತು. 1872ರಲ್ಲಿ ಗೇಯೊರ್ಗ್ ಷ್ನೈಡರ್ ಎಂಬ ಬ್ರೂವರ್ ರಾಜ ಎರಡನೆಯ ಲುಡ್‌ವಿಗ್‌ನಿಂದ ಆ ಹಕ್ಕನ್ನು ಪಡೆದು ಸ್ವಂತಕ್ಕೆ ಶುರುಮಾಡಿದ. ಇವತ್ತು ಜರ್ಮನಿಯಲ್ಲಿ ಗೋಧಿ ಬಿಯರ್ ಉಳಿದಿದ್ದರೆ ಅದರಲ್ಲಿ ಅವನ ಹಟದ ಪಾಲು ದೊಡ್ಡದು.

ತಿನ್ನುವ ಕಾಳನ್ನು ಕುಡಿಯಬಹುದಾ ಅನ್ನುವ ಪ್ರಶ್ನೆ ನಮ್ಮಲ್ಲಿ ಇನ್ನೂ ಜೀವಂತ. ಊರಲ್ಲಿ ಹಿರಿಯರೊಬ್ಬರಿಗೆ ಗೋಧಿಯಿಂದಲೂ ಬಿಯರ್ ಆಗುತ್ತದೆ ಅಂತ ಹೇಳಿದೆ. ದ್ರಾಕ್ಷಿಯಿಂದ ವೈನ್ ಆಗುವುದು ಅವರಿಗೆ ಗೊತ್ತು, ತಿಕೋಟಾ ಕಡೆಯ ದ್ರಾಕ್ಷಿ ನೋಡಿದವರು. ಅದಕ್ಕೆ ಅವರದೇನೂ ತಕರಾರಿಲ್ಲ. ಗೋಧಿ ಅಂದ ಕೂಡಲೇ ಮುಖ ಗಂಟಾಯಿತು. 'ಹಣ್ಣು ಬ್ಯಾರೆ, ಕಾಳು ಬ್ಯಾರೆ' ಅಂದರು. ಎಂಥ ಸ್ಪಷ್ಟ ಗೆರೆ ನೋಡಿ. ವಿಜಯಪುರದಲ್ಲಿ ಬೆಳೆದವರಿಗೆ 'ಡೋಣಿ ಹರಿದರ ಓಣೆಲ್ಲ ಕಾಳು' ಅನ್ನುವ ಮಾತು ಕಿವಿಯಲ್ಲೇ ಇರುತ್ತದೆ. ಡೋಣಿ ಹೊಳೆಯ ಕಣಿವೆಯ ಕರಿಮಣ್ಣು ಹಿಂಗಾರಿಯಲ್ಲಿ ಜೋಳ, ಕಡಲೆ, ಗೋಧಿ ಕೊಡುತ್ತದೆ, ಅದೂ ಮಳೆ ಬಂದ ವರ್ಷ. ಅಕ್ಟೋಬರಿನಲ್ಲಿ ಬಿತ್ತಿ, ನೆಲದಲ್ಲಿ ಉಳಿದ ತೇವದ ಮೇಲೇ ಬೆಳೆ ತೆಗೆಯುವ ಜಾಗ ಇದು. ಬರ ಕಂಡವರು ಕಾಳಿನ ಬಗ್ಗೆ ಹೀಗೆ ಮಾತಾಡಿದರೆ ನಾನು ಎದುರು ವಾದ ಹೂಡುವುದಿಲ್ಲ.

ಆದರೆ ಲೆಕ್ಕ ಹಾಕಿ ನೋಡಬಹುದು. ಶೇಕಡಾ 5ರ ಆಸುಪಾಸಿನ ಆಲ್ಕೋಹಾಲ್ ಇರುವ ಒಂದು ಲೀಟರ್ ಬಿಯರಿಗೆ ಸುಮಾರು 200 ಗ್ರಾಂ ಮಾಲ್ಟ್ ಬೇಕು. ಅದರಲ್ಲಿ ಅರ್ಧ ಗೋಧಿ ಅಂದರೆ 100 ಗ್ರಾಂ. ಬವೇರಿಯಾದ ಅರ್ಧ ಲೀಟರ್ ಗ್ಲಾಸಿನಲ್ಲಿ 50 ಗ್ರಾಂ ಗೋಧಿ. ನಮ್ಮ ಮನೆಯ ಅಳತೆಯಲ್ಲಿ ಎರಡು ತೆಳು ಚಪಾತಿ. ರಸ ಬಸಿದ ಮೇಲೆ ಉಳಿದದ್ದು ದನಗಳಿಗೆ ಒಳ್ಳೆಯ ಮೇವು. ಮತ್ತೆ ಬಾರ್ಲಿಯೂ ತಿನ್ನುವ ಕಾಳೇ. ಲಾಗರಿನಲ್ಲಿರುವ ಅಕ್ಕಿಯೂ ತಿನ್ನುವ ಕಾಳೇ. ಅಕ್ಕಿ ಹಾಕಿದ ಬಿಯರನ್ನು ವರ್ಷಗಟ್ಟಲೆ ಕುಡಿದವರು ಗೋಧಿಯ ಹೆಸರು ಕೇಳಿ ಬೆಚ್ಚಿಬೀಳುವುದು ನನಗೆ ಅಷ್ಟಾಗಿ ಅರ್ಥವಾಗುವುದಿಲ್ಲ. ಹಿರಿಯರ ಮಾತು ಬೇರೆ, ಅವರು ಯಾವುದನ್ನೂ ಕುಡಿಯುವವರಲ್ಲ.

ಈಗ ಬೆಲ್ಜಿಯಂ. ನಮ್ಮ ದೇಶದಲ್ಲಿ ಗೋಧಿ ಬಿಯರ್ ಅಂತ ಬಾಟಲಿಯಲ್ಲಿ ಸಿಗುವುದರಲ್ಲಿ ಹೆಚ್ಚಿನದು ಆ ಶೈಲಿಯದೇ. ಅದರ ಹಿಂದೆ ಒಬ್ಬ ಹಾಲು ಮಾರುವವನಿದ್ದಾನೆ. ಹೂಗಾರ್ಡನ್ ಎಂಬ ಹಳ್ಳಿಯಲ್ಲಿ ಒಂದು ಕಾಲಕ್ಕೆ ಗೋಧಿ ಬಿಯರಿನ ಬ್ರೂವರಿಗಳು ಸಾಲುಸಾಲಾಗಿದ್ದವು. ಲಾಗರ್ ಬಂದ ಮೇಲೆ ಒಂದೊಂದೇ ಮುಚ್ಚಿದವು. 1950ರ ದಶಕದಲ್ಲಿ ಕೊನೆಯದಕ್ಕೂ ಬೀಗ ಬಿತ್ತು. ಪಿಯರ್ ಸೆಲಿಸ್ ಆ ಊರಿನ ಹಾಲಿನವನು. ಎಳೆಯ ವಯಸ್ಸಿನಲ್ಲಿ ಆ ಕೊನೆಯ ಬ್ರೂವರಿಯಲ್ಲಿ ಕೈಗೆಲಸಕ್ಕೆ ಹೋಗುತ್ತಿದ್ದ. ಊರಿನವರು ಕೂತಾಗಲೆಲ್ಲ ಹಳೆಯ ಬಿಯರನ್ನು ನೆನೆಸಿಕೊಳ್ಳುವುದನ್ನು ಕೇಳಿ ಕೇಳಿ 1966ರಲ್ಲಿ ತಾನೇ ಮಾಡಲು ನಿಂತ. ಬಾರ್ಲಿ ಮಾಲ್ಟ್, ಹಸಿ ಗೋಧಿ, ಒಣ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ. ಬಿಯರ್ ಓಡಿತು. 1985ರಲ್ಲಿ ಬ್ರೂವರಿಗೆ ಬೆಂಕಿ ಬಿತ್ತು. ಮತ್ತೆ ಕಟ್ಟಲು ದೊಡ್ಡ ಕಂಪನಿಯ ದುಡ್ಡು ಬಂತು, ಕೊನೆಗೆ ಬ್ರೂವರಿ ಆ ಕಂಪನಿಯದೇ ಆಯಿತು. ಸೆಲಿಸ್ ಅಮೆರಿಕದ ಆಸ್ಟಿನ್ ಊರಿಗೆ ಹೋಗಿ 1992ರಲ್ಲಿ ಇನ್ನೊಮ್ಮೆ ಅದೇ ಬಿಯರ್ ಶುರುಮಾಡಿದ. ಆಗ ಅವನ ವಯಸ್ಸು 60 ದಾಟಿತ್ತು. 2011ರಲ್ಲಿ ತೀರಿಕೊಂಡ.

ಸತ್ತುಹೋಗಿದ್ದ ಬಿಯರನ್ನು ಒಬ್ಬನೇ ಮನುಷ್ಯ ಎದ್ದು ಕೂರಿಸಿದ್ದು ಇದು. ಇವತ್ತು ದಿಲ್ಲಿಯಿಂದ ಬೆಂಗಳೂರಿನವರೆಗೆ ಕೊತ್ತಂಬರಿ ಬೀಜದ ವಾಸನೆಯ ಎಷ್ಟು ಬಾಟಲಿಗಳಿವೆಯೋ ಅಷ್ಟೂ ಅವನ ಸಂತಾನವೇ. 2015ರಲ್ಲಿ ಬಂದ ನಮ್ಮ ದೇಶದ ಬೀರಾ ಕಂಪನಿಯ ಬಿಳಿ ಬಾಟಲಿಯೂ ಆ ಸಾಲಿನದೇ. ಸೆಲಿಸ್ ಮೇಲೆ ನನಗೆ ಗೌರವ ಇದೆ. ಆದರೂ ಒಂದು ಮಾತು. ಕೊತ್ತಂಬರಿ ನಮಗೆ ಮಸಾಲೆ ಡಬ್ಬಿಯ ಸಾಮಾನು. ಬಿಯರಿನಲ್ಲಿ ಅದು ಸ್ವಲ್ಪ ಜಾಸ್ತಿಯಾದರೂ ನನಗೆ ಸಾರಿನ ಪುಡಿ ನೆನಪಾಗುತ್ತದೆ. ಆಮೇಲೆ ಗೋಧಿಯ ವಿಚಾರ ಮರೆತುಬಿಡಬೇಕು. ಅನೇಕ ಬಾಟಲಿಗಳಲ್ಲಿ ಗೋಧಿ ಎಷ್ಟು ಅಂತ ಬರೆದೂ ಇರುವುದಿಲ್ಲ. ಕೊತ್ತಂಬರಿ ಬಂತು, ಕಿತ್ತಳೆ ಬಂತು, ಮಬ್ಬಾಯಿತು, ಸಾಕು.

ಸೆಲಿಸ್ ಶುರುಮಾಡಿದ ಅದೇ 1966ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಇನ್ನೊಂದು ಗೋಧಿ ಬಿಯರ್ ನಿಂತುಹೋಯಿತು. ಅದರ ಹೆಸರು ಗೋಸೆ. ಹುಳಿ ಇರುತ್ತದೆ, ಕೊತ್ತಂಬರಿ ಇರುತ್ತದೆ, ಉಪ್ಪೂ ಇರುತ್ತದೆ. ಹುಟ್ಟಿದ್ದು ಗೊಸ್ಲಾರ್ ಊರಿನಲ್ಲಿ, ಅಲ್ಲಿನ ಹೊಳೆಯ ಹೆಸರೇ ಬಿಯರಿನ ಹೆಸರು. ಆ ನೀರೇ ಉಪ್ಪಾಗಿತ್ತು, ಹಾಗಾಗಿ ಬಿಯರ್ ಉಪ್ಪಾಯಿತು ಅನ್ನುವ ಕಥೆ ಹೇಳುತ್ತಾರೆ. 1986ರಲ್ಲಿ ಲೋಥಾರ್ ಗೋಲ್ಡ್‌ಹಾನ್ ಎಂಬಾತ ಅದನ್ನು ಮತ್ತೆ ಮಾಡಿಸಿದ. ಈ ಉಪ್ಪುನೀರಿನ ಕಥೆ ಓದಿದಾಗ ನನಗೆ ನಗು ಬಂತು. ನಮ್ಮ ಡೋಣಿಯ ನೀರೂ ಉಪ್ಪು. ದಂಡೆಯ ಮೇಲೆ ಗೋಧಿಯೂ ಇದೆ, ಕೊತ್ತಂಬರಿಯೂ ಇದೆ. ಹುಳಿ ಬರಿಸಿದ ಜೋಳದ ಅಂಬಲಿ ಕುಡಿದ ನಾಲಿಗೆಗೆ ಉಪ್ಪು, ಹುಳಿ ಸೇರಿದ ಪಾನೀಯ ಹೊಸದೇನೂ ಅಲ್ಲ. ಬೇಸಿಗೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಬೇಡ ಅನ್ನುವವರು ಯಾರಿದ್ದಾರೆ? ಬಾಳೆಹಣ್ಣಿನ ಬಿಯರಿಗಿಂತ ಗೋಸೆಯೇ ನಮ್ಮ ಜನಕ್ಕೆ ಬೇಗ ಹಿಡಿಸೀತು ಅಂತ ನನ್ನ ಅಂದಾಜು. ಡೋಣಿಯ ನೀರನ್ನೇ ಹಾಕಿ ಅಂತ ಹೇಳುತ್ತಿಲ್ಲ, ಹೆದರಬೇಡಿ.

ಕೊನೆಗೆ ನನಗೆ ನಿಜವಾಗಿ ಹೇಳಬೇಕಾದ ಧಾನ್ಯಕ್ಕೆ ಬರುತ್ತೇನೆ. ಖಪ್ಲಿ. ಕೆಲವರು ಜವೆ ಗೋಧಿ ಅನ್ನುತ್ತಾರೆ, ಕೆಲವರು ಸದಕ. ಇಂಗ್ಲಿಷಿನಲ್ಲಿ ಎಮ್ಮರ್. ಮಾದಲಿಗೆ, ಶಾವಿಗೆಗೆ ಇದೇ ಆಗಬೇಕು ಅಂತ ಹಟ ಹಿಡಿಯುವ ಮನೆಗಳು ಬೆಳಗಾವಿಯಲ್ಲಿ ಈಗಲೂ ಇವೆ. ಮಹಾರಾಷ್ಟ್ರ, ಗುಜರಾತಿನಲ್ಲೂ ಇದನ್ನು ಬೆಳೆಯುತ್ತಾರೆ. ಎತ್ತರದ ತಳಿ ಮಲಗಿಬಿಡುತ್ತದೆ ಅಂತ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ತಳಿಗಳನ್ನು ಕೊಟ್ಟಿದ್ದಾರೆ. ಈ ಗೋಧಿಯ ವಿಶೇಷ ಏನೆಂದರೆ ಒಕ್ಕಿದರೂ ಹೊಟ್ಟು ಬಿಡುವುದಿಲ್ಲ. ಬೇರೆಯಾಗಿ ಕುಟ್ಟಿಯೇ ಬಿಡಿಸಬೇಕು. ಅಡುಗೆಮನೆಗೆ ಅದು ಕಿರಿಕಿರಿ. ಹಂಡೆಯಲ್ಲಿ ರಸ ಇಳಿಯದೆ ತಲೆಕೆಡಿಸಿಕೊಂಡ ಬ್ರೂವರಿಗೆ ಅದು ವರ. ಹೊಟ್ಟಿನ ಜೊತೆಗೇ ಮಾಲ್ಟ್ ಮಾಡಿದರೆ ಮೊಳಕೆಗೂ ರಕ್ಷಣೆ, ಸೋಸಲಿಕ್ಕೂ ಹಾಸಿಗೆ.

ಇದೇನು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಪ್ರಾಚೀನ ಈಜಿಪ್ಟಿನವರ ಬಿಯರ್ ಆಗುತ್ತಿದ್ದದ್ದೇ ಬಾರ್ಲಿ ಮತ್ತು ಎಮ್ಮರಿನಿಂದ. ಡೆಲ್ವೆನ್ ಸ್ಯಾಮ್ಯುಯೆಲ್ ಎಂಬ ಪುರಾತತ್ತ್ವಜ್ಞೆ ಹಳೆಯ ಮಡಕೆಗಳ ತಳಕ್ಕೆ ಅಂಟಿಕೊಂಡ ಒಣ ಗಸಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪಿಷ್ಟದ ಕಣಗಳು ಎಲ್ಲಿ ಕರಗಿವೆ, ಎಲ್ಲಿ ಹೊಂಡ ಬಿದ್ದಿವೆ ಅನ್ನುವುದರಿಂದ ಈಜಿಪ್ಟಿನವರು ಬಿಯರ್ ಹೇಗೆ ಮಾಡುತ್ತಿದ್ದರು ಅನ್ನುವುದನ್ನು ಓದಿದರು. ಒಂದು ಪಾಲು ಮಾಲ್ಟನ್ನು ಬೇಯಿಸಿ, ಇನ್ನೊಂದು ಪಾಲನ್ನು ಹಾಗೇ ಇಟ್ಟು, ಎರಡನ್ನೂ ಬೆರೆಸುತ್ತಿದ್ದರಂತೆ. 1996ರಲ್ಲಿ ಈ ಕೆಲಸ ಪ್ರಕಟವಾಯಿತು. ಅದೇ ವರ್ಷ ಬ್ರಿಟನ್ನಿನ ಒಂದು ದೊಡ್ಡ ಬಿಯರ್ ಕಂಪನಿ ಅದರ ಆಧಾರದ ಮೇಲೆ ಎಮ್ಮರ್ ಹಾಕಿ, ಈಜಿಪ್ಟಿನ ರಾಜ ಟುಟಾಂಖಾಮುನ್ ಹೆಸರಿಟ್ಟು ಒಂದಷ್ಟು ಬಾಟಲಿ ಮಾಡಿ ಮಾರಿತು. ಜರ್ಮನಿಯಲ್ಲೂ ಈಗ ಎಮ್ಮರ್ ಬಿಯರ್ ಮಾಡುವವರಿದ್ದಾರೆ. ಸಾವಿರಾರು ವರ್ಷ ಬಿಯರ್ ಆದ ಗೋಧಿ ನಮ್ಮ ಹೊಲದಲ್ಲಿದೆ. ನಮ್ಮ ಗೋಧಿ ಬಿಯರುಗಳು ಮಾತ್ರ ಬೆಲ್ಜಿಯಂ, ಬವೇರಿಯಾ ಅನ್ನುವುದನ್ನು ಬಿಡುತ್ತಿಲ್ಲ.

ಸುಲಭ ಅಂತ ಹೇಳಲಾರೆ. ನೊರೆಗೆ ಪ್ರೋಟೀನ್ ಬೇಕಾದರೂ ಅದು ಅತಿಯಾಗಬಾರದು, ಬ್ರೂವರುಗಳಿಗೆ ಬೇಕಾದದ್ದು ಗೋಧಿಗಳಲ್ಲೇ ಪ್ರೋಟೀನ್ ಕಡಿಮೆ ಇರುವ ಮೆತ್ತನೆ ಗೋಧಿ. ನಮ್ಮ ನೆಲದ ಡ್ಯೂರಂ ಗೋಧಿ ರವೆಗೆ ಸೈ, ಗಟ್ಟಿ ಕಾಳು. ಖಪ್ಲಿಯಲ್ಲೂ ಪ್ರೋಟೀನ್ ಜಾಸ್ತಿ. ಹಾಗಾಗಿ ಮಬ್ಬು ಬೇಕಾದಷ್ಟು ಸಿಗುತ್ತದೆ, ಸಕ್ಕರೆ ಕಡಿಮೆ. ಬೆಲೆಯೂ ಮಾಮೂಲಿ ಗೋಧಿಗಿಂತ ಮೇಲೆ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಅನ್ನುವ ಹೆಸರು ಬಂದ ಮೇಲಂತೂ ಪೇಟೆಯ ಅಂಗಡಿಗಳಲ್ಲಿ ಅದು ಸಣ್ಣ ಪ್ಯಾಕೆಟ್ಟಿಗೆ ಇಳಿದಿದೆ. ಮನೆಯಲ್ಲೇ ಮಾಡಿ ನೋಡೋಣ ಅಂದರೆ ಆಗದು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಪರವಾನಗಿ ಇರುವವರೇ ಮನಸ್ಸು ಮಾಡಬೇಕು. ತಮ್ಮಲ್ಲೇ ಬಿಯರ್ ಮಾಡಿ ಮಾರುವ ಬೆಂಗಳೂರಿನ ಬ್ರೂಪಬ್ಬುಗಳಿಗೆ ಮೂರು ನಾಲ್ಕು ಚೀಲ ಖಪ್ಲಿ ದೊಡ್ಡ ಮಾತಲ್ಲ. ಶೇಕಡಾ 30 ಖಪ್ಲಿ, ಹೊಟ್ಟಿನ ಸಮೇತ. ಉಳಿದದ್ದು ರಾಜಸ್ಥಾನದ ಬಾರ್ಲಿ ಮಾಲ್ಟ್. ಯೀಸ್ಟ್ ಮಾತು ಕಡಿಮೆ ಇರುವ ತಳಿ. ಹಾಪ್ಸ್ ಸ್ವಲ್ಪ. ಕಿತ್ತಳೆ ಬೇಡ, ಕೊತ್ತಂಬರಿ ಬೇಡ. ಮಾದಲಿಯ ಹಿಟ್ಟು ಹುರಿಯುವಾಗ ಏಳುವ ಘಮ ಆ ಬಿಯರಿನಲ್ಲಿ ಬರುತ್ತದೋ ಇಲ್ಲವೋ ಅನ್ನುವುದು ನನಗೆ ನೋಡಬೇಕಾಗಿದೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ಎರಡು ಮೂರು ಬಗೆ ಬಿಯರ್ ಸಿಗುವ ಕಡೆ ಹೋದಾಗ ಒಂದು ತಿಳಿ ಲಾಗರ್, ಒಂದು ಗೋಧಿ ಬಿಯರ್ ಪಕ್ಕಪಕ್ಕ ತರಿಸಿ. ಗೋಧಿಯದ್ದು ತೀರಾ ಐಸಿನಂತೆ ತಣ್ಣಗಿದ್ದರೆ ಸ್ವಲ್ಪ ಹೊತ್ತು ಬಿಡಿ. ಮೊದಲು ಮೂಗನ್ನು ಬಿಟ್ಟು ನಾಲಿಗೆಯನ್ನಷ್ಟೇ ಕೇಳಿ. ಯಾವುದು ಭಾರ, ಯಾವುದು ಜಾರುತ್ತದೆ, ಗುಟುಕು ಇಳಿದ ಮೇಲೆ ಯಾವುದು ಉಳಿಯುತ್ತದೆ. ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಹಾಂ, ಗ್ಲಾಸಿನ ಅಂಚಿಗೆ ಲಿಂಬೆ ಹೋಳು ಸಿಕ್ಕಿಸಿ ತರುವ ಚಟ ಬಹಳ ಕಡೆ ಇದೆ. ಲಿಂಬೆಗೆ ಜಿಐ ಟ್ಯಾಗ್ ಪಡೆದ ವಿಜಯಪುರ ಜಿಲ್ಲೆಯ ಇಂಡಿ ಊರಿನ ಪಕ್ಕದವರಾಗಿ ನಾವು ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ. ಲಿಂಬೆ ಹಿಂಡಿದರೆ ಆ ನೊರೆ ಕುಸಿಯುತ್ತದೆ, ಗೋಧಿ ಪಟ್ಟ ಕಷ್ಟ ಅಷ್ಟೂ ನೀರುಪಾಲು. ಆರ್ಡರ್ ಕೊಡುವಾಗಲೇ ಬೇಡ ಅಂದುಬಿಡಿ.